ಜೋಡೆತ್ತಿನ ಬಾಗಿಲು

ಆ ಊರಿನಲ್ಲಿ ಮನೆಯ ವಯಸ್ಸನ್ನು ಗೋಡೆಯ ದಪ್ಪದಲ್ಲಿ ಅಳೆಯುತ್ತಿದ್ದರು. ಬೇರೆ ಊರುಗಳಲ್ಲಿ ಮನುಷ್ಯರ ಯೋಗ್ಯತೆಯನ್ನು ಇದಕ್ಕಿಂತ ವಿಚಿತ್ರವಾದ ವಸ್ತುಗಳಲ್ಲಿ ಅಳೆಯುವುದುಂಟು. ಹಾಗಾಗಿ ನಗುವಂಥದ್ದೇನಿಲ್ಲ.

ವರ್ಷಕ್ಕೊಂದು ಪದರ, ಪದರಕ್ಕೊಂದು ಕೈ. ಇದು ಅಲ್ಲಿಯ ಕಟ್ಟಳೆ. ಬೇಸಿಗೆ ಮುಗಿಯುವ ಹೊತ್ತಿಗೆ ಮನೆಯ ಹೆಂಗಸು ತನ್ನ ಹೊಲದ ಮಣ್ಣು ತರಬೇಕು. ಆ ವರ್ಷ ಬೆಳೆದ ಕಾಳಿನ ಹೊಟ್ಟನ್ನು ಅದಕ್ಕೆ ಕಲಸಬೇಕು, ತುಳಿಯಬೇಕು, ಕೊಳೆಸಬೇಕು, ಗೋಡೆಗೆ ಒಳಗೂ ಹೊರಗೂ ಬಾಗಿಲ ಎರಡು ಮಗ್ಗುಲಿಗೂ ಮೆತ್ತಬೇಕು. ಮೆತ್ತಿದ್ದು ಹಸಿಯಿರುವಾಗಲೇ ಬಾಗಿಲ ಬಲಮಗ್ಗುಲಲ್ಲಿ ತನ್ನ ಅಂಗೈ ಒತ್ತಬೇಕು. ಮುಂದಿನ ವರ್ಷ ಆ ಅಂಗೈಯ ಮೇಲೆ ಹೊಸ ಪದರ, ಹೊಸ ಪದರದ ಮೇಲೆ ಹೊಸ ಅಂಗೈ. ಒಣಗಿದ್ದನ್ನು ಯಾರೂ ಕೆರೆಯುವಂತಿಲ್ಲ. ಕೆರೆದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಕೆರೆದಿರಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಹಗ್ಗದವನು ಮನೆಮನೆಗೆ ಬರುತ್ತಿದ್ದ. ಬಾಗಿಲ ಹತ್ತಿರ ಗೋಡೆಯ ದಪ್ಪಕ್ಕೆ ಹಗ್ಗ ಹಿಡಿದು ಗಂಟು ಹಾಕುತ್ತಿದ್ದ. ಅಗಸೆಬಾಗಿಲ ಮುಂದಿನ ಕಟ್ಟೆಯ ಮೇಲೆ ಊರು ಕೂಡಿದಾಗ ದಪ್ಪ ಗೋಡೆಯ ಮನೆಯವರು ಮುಂದೆ ಕೂರುತ್ತಿದ್ದರು, ತೆಳು ಗೋಡೆಯವರು ಹಿಂದೆ. ಆಡುವ ಮಾತೂ ಆ ಸಾಲಿನಲ್ಲೇ ಬರುತ್ತಿತ್ತು. ಹಿಂದಿನವರ ಸರದಿ ಬರುವಷ್ಟರಲ್ಲಿ ಸಾಮಾನ್ಯವಾಗಿ ಊಟದ ಹೊತ್ತಾಗುತ್ತಿತ್ತು.

ಹೀಗಾಗಿ ಊರಿನ ಗೋಡೆಗಳು ದಪ್ಪಗಾದವು, ಕೋಣೆಗಳು ಸಣ್ಣಗಾದವು, ಬಾಗಿಲುಗಳು ಕಿರಿದಾದವು. ಬಾಗಿಲ ಹಲಗೆಗಳು ಮುಚ್ಚಲು ಬರದಾದಾಗ ಅವನ್ನು ಕಳಚಿ ಅವುಗಳ ಮೇಲೆ ಹಪ್ಪಳ ಒಣಗಿಸಿದರು. ಎತ್ತು ಹಾಯದ ಬಾಗಿಲಿನ ಮನೆಯವರು ಎತ್ತು ಕೊಟ್ಟು ಮೇಕೆ ತಂದರು. ಮೇಕೆಯೂ ಹಾಯದಾದಾಗ ಮೇಕೆ ಕೊಟ್ಟು ಕೋಳಿ ತಂದರು. ಮೊದಲ ಸಾಲಿನಲ್ಲಿ ಕೂರುವವರ ಹೊಲಗಳಲ್ಲಿ ಆಳೆತ್ತರದ ಹುಲ್ಲು ನಿಂತಿತ್ತು. ಆದರೆ ಎಂಥಾ ಗೋಡೆಗಳು! ಪರ ಊರಿನವರು ದಾರಿ ಬಿಟ್ಟು ಬಂದು ನೋಡಿ ಹೋಗುತ್ತಿದ್ದರು.

ಊರಿನ ಕೊನೆಗೆ, ಎರೆಹೊಲಕ್ಕೆ ಬೆನ್ನು ಕೊಟ್ಟು ಒಂದು ಮನೆಯಿತ್ತು. ಅದನ್ನು ಎಲ್ಲರೂ ಒಕ್ಕಲುಮನೆ ಅನ್ನುತ್ತಿದ್ದರು. ಆ ಹೆಸರು ಈಗ ಅದೊಂದಕ್ಕೇ ಉಳಿದಿತ್ತು, ಏಕೆಂದರೆ ಉಳುವ ಜೋಡಿ ಇದ್ದದ್ದು ಅಲ್ಲೊಂದೇ. ಮನೆಯಲ್ಲಿ ಮೂವರು: ಅತ್ತೆ, ಆಕೆಯ ಮಗನಾದ ಉಳುವವನು, ಅವನ ಹೆಂಡತಿ ಸೊಸೆ. ಸೊಸೆ ಈಗ ಹೊಸಬಳೇನಲ್ಲ. ಕೂದಲಲ್ಲಿ ಬೆಳ್ಳಿ ಎಳೆ ಕಂಡಿತ್ತು. ಆದರೂ ಆ ಮನೆಗೆ ಇನ್ನೂ ಸೊಸೆಯೇ. ಮೆತ್ತುವ ಕೆಲಸ ಅತ್ತೆಯಿಂದ ಅವಳ ಕೈಗೆ ಬಂದು ಕೆಲವು ವರ್ಷಗಳಾಗಿದ್ದವು.

ಅತ್ತೆ ದಿನಾ ದೀಪ ಹಚ್ಚುವ ಹೊತ್ತಿಗೆ ಮನೆಯ ಚರಿತ್ರೆ ಹೇಳುತ್ತಿದ್ದಳು. ಕೇಳುವವರಿದ್ದರೆ ಅವರಿಗೆ, ಇಲ್ಲದಿದ್ದರೆ ಎತ್ತುಗಳಿಗೆ.

"ಮೊದಲ ಈ ಮನಿ, ಆಮ್ಯಾಲೆ ಊರು. ಗಂಡ ಬಾವಿ ತೋಡಿದ, ಹೆಂಡ್ತಿ ಆ ಮಣ್ಣು ಹೊತ್ತು ಗ್ವಾಡಿ ಎಬ್ಬಿಸಿದ್ಲು. ಮಣ್ಣು ತಗದಲ್ಲಿ ನೀರಾತು, ಮಣ್ಣು ಇಟ್ಟಲ್ಲಿ ನೆರಳಾತು. ಅವತ್ತಿಂದ ಈ ಮನಿ ಎತ್ತು ಒಂದ ವರ್ಷನೂ ನೊಗಾ ಬಿಟ್ಟಿಲ್ಲ, ಈ ಮನಿ ಹೆಂಗಸು ಒಂದ ವರ್ಷನೂ ಮೆತ್ತೂದು ಬಿಟ್ಟಿಲ್ಲ."

ಎತ್ತುಗಳು ಮೆಲುಕು ಹಾಕುತ್ತಾ ಕೇಳುತ್ತಿದ್ದವು. ಸೊಸೆಯೂ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ನೂರು ಸಲ ಕೇಳಿದ ಮಾತು. ಆದರೂ 'ಮಣ್ಣು ಇಟ್ಟಲ್ಲಿ ನೆರಳಾತು' ಎಂಬಲ್ಲಿಗೆ ಬಂದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಮನೆಗಳು ಮನುಷ್ಯರನ್ನು ಹಾಗೆಯೇ ಹಿಡಿದುಕೊಳ್ಳುತ್ತವೆ.

ಆ ವರ್ಷ ಮೆತ್ತುವ ದಿನ ಬಲದ ಎತ್ತಿನ ಕಾಲಿಗೆ ಮುಳ್ಳು ನಟ್ಟಿತ್ತು. ಅದು ಒಳಗೆ ದನದ ಅಂಕಣದಲ್ಲೇ ಮಲಗಿತು. ಎಡದ ಎತ್ತನ್ನು ಹೊರಗೆ ಹುಣಸೆಮರಕ್ಕೆ ಕಟ್ಟಿದ್ದರು. ಸೊಸೆ ಮೆತ್ತಿದಳು, ಅಂಗೈ ಒತ್ತಿದಳು. ಹಿಂದಿನ ವರ್ಷವೇ ಎತ್ತುಗಳು ಉಸಿರು ಬಿಗಿಹಿಡಿದು ಬಾಗಿಲು ಹಾಯುತ್ತಿದ್ದವು ಎಂಬುದನ್ನು ಎಲ್ಲರೂ ನೋಡಿದ್ದರು, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪದರ ಒಣಗಿತು. ಎತ್ತಿನ ಕಾಲು ವಾಸಿಯಾಯಿತು. ಮೊದಲ ಮಳೆ ಬಂತು, ಎರೆಹೊಲ ಹೊಟ್ಟೆ ತುಂಬ ಕುಡಿಯಿತು.

ಉಳುವವನು ಬಲದ ಎತ್ತನ್ನು ಬಾಗಿಲಿಗೆ ತಂದ. ಎತ್ತು ಕತ್ತು ವಾರೆ ಮಾಡಿ ಕೋಡು ಹೊರತಂದಿತು. ಕುತ್ತಿಗೆ ಬಂತು. ಹೆಗಲು ಬಂತು. ಹೊಟ್ಟೆ ಬರಲಿಲ್ಲ.

"ಹಿಂದಿಂದ ಸ್ವಲ್ಪ ದಬ್ಬು," ಎಂದಳು ಅತ್ತೆ ಅಂಗಳದಿಂದ.

"ದಬ್ಬಿದ್ರ ಗ್ವಾಡಿ ಬಿರಕ ಬಿಡತೈತ್ರಿ ಅತ್ತಿ," ಎಂದಳು ಸೊಸೆ ಒಳಗಿನಿಂದ.

"ಹಂಗಾದ್ರ ದಬ್ಬಬ್ಯಾಡ."

ಎತ್ತು ಹಿಂದಕ್ಕೆ ಸರಿಯಿತು. ಎಣ್ಣೆ ಹಚ್ಚಿ ನೋಡಿದರು. ಎತ್ತು ಮಿರಮಿರ ಮಿಂಚಿತು, ಹಾಯಲಿಲ್ಲ. ನೀರು ಕುಡಿಸದೆ ನೋಡಿದರು. ಹೊಟ್ಟೆ ಇಳಿಯಲಿಲ್ಲ, ಸಿಟ್ಟು ಏರಿತು.

"ನಾಕ ದಿನ ಮೇವು ಕಮ್ಮಿ ಮಾಡೂಣು," ಎಂದಳು ಅತ್ತೆ. "ಕುಂತು ತಿಂದು ಕೊಬ್ಬೇತಿ ಅದು."

"ಸೊರಗಿದ ಎತ್ತು ಹೊರಗ ಬರತೈತಿ ಖರೆ," ಎಂದ ಉಳುವವನು. "ಬಂದ ಮ್ಯಾಲೆ ಕೂರಿಗಿ ಯಾರು ಎಳೀತಾರ? ನೀ ಎಳೀತೀ ಏನವ್ವಾ?"

ಅವನು ವರ್ಷಕ್ಕೆ ಆಡುವ ಮಾತಿನಲ್ಲಿ ಅರ್ಧ ಅವತ್ತೇ ಮುಗಿದಿತ್ತು.

ಎರೆಮಣ್ಣಿನ ಹದ ಕಾಸಿದ ಹಾಲಿನ ಹಾಗೆ, ನೋಡುತ್ತಾ ಕೂತರೆ ಮೇಲೆ ಬಿಗಿದುಕೊಳ್ಳುತ್ತದೆ. ಸೊಸೆ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಮಣ್ಣಿನ ಉಂಡೆ ಕಟ್ಟಿ ನೋಡುತ್ತಿದ್ದಳು. ಉಂಡೆ ಇನ್ನೂ ನಿಲ್ಲುತ್ತಿತ್ತು. ಇನ್ನೆಷ್ಟು ದಿನ ನಿಂತೀತು? ಈ ಹದ ತಪ್ಪಿದರೆ ಬಿತ್ತನೆ ತಪ್ಪಿತು. ಬಿತ್ತನೆ ತಪ್ಪಿದರೆ ಅತ್ತೆಯ ಚರಿತ್ರೆಯಲ್ಲಿ 'ಒಂದ ವರ್ಷನೂ ನೊಗಾ ಬಿಟ್ಟಿಲ್ಲ' ಎಂಬ ಮಾತು ಸುಳ್ಳಾಯಿತು. ಆಮೇಲೆ ಮೇಕೆ. ಆಮೇಲೆ ಕೋಳಿ. ಅವಳು ಎರವಲು ಎತ್ತು ಕೇಳಲು ಊರೊಳಗೆ ಹೋದಾಗ ಮೊದಲ ಸಾಲಿನ ಮನೆಯವರು ಬಹಳ ಮರ್ಯಾದೆಯಿಂದ ಕೂರಿಸಿ, ನೀರು ಕೊಟ್ಟು, ಮನೆಯಲ್ಲಿರುವ ಗಂಡು ಜೀವ ಇದೊಂದೇ ಎಂದು ಒಂದು ಹುಂಜವನ್ನು ತೋರಿಸಿದರು.

ಅದೇ ದಿನ ಹಗ್ಗದವನು ಅಂಗಳಕ್ಕೆ ಬಂದು ಹೇಳಿ ಹೋದ.

"ನಾಳೆ ನಿಮ್ಮ ಮನಿ ಸರದಿ, ದೊಡ್ಡವ್ವಾ. ಈ ಸಲ ನಿಮ್ಮ ಗ್ವಾಡಿಗೆ ಸಾಲಂಗಿಲ್ಲಂತ ಹೊಸಾ ಹಗ್ಗ ಹೊಸದೇನಿ. ಮುಂದಿನ ಜಾಗಾ ನಿಂದ ಅಂತ ತಿಳ್ಕೊ."

ಅತ್ತೆ ಪೆಟ್ಟಿಗೆಯ ಸೀರೆ ತೆಗೆದು ಬಿಸಿಲಿಗೆ ಹರವಿದಳು. ಜೀವಮಾನವಿಡೀ ಮೂರನೆಯ ಸಾಲಿನಲ್ಲಿ ಕೂತು ಮುಂದಿನವರ ಬೆನ್ನು ನೋಡಿದವಳು ಆಕೆ. ಮನೆ ಊರಿಗಿಂತ ಹಳೆಯದಾದರೂ ಉಳುಮೆಯ ನಡುವೆ ಮೆತ್ತಿದ ಪದರಗಳು ತೆಳು; ಸೊಸೆಯ ಕೈ ಬಂದ ಮೇಲಷ್ಟೇ ದಪ್ಪಗಾಗಿದ್ದವು. ಸೀರೆಯ ಮಡಿಕೆ ಬಿಡಿಸುವ ಆ ಕೈಗಳನ್ನು ನೋಡಿ, ಸೊಸೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಹೊಲಕ್ಕೆ ಹೋದಾಗ ಉಳುವವನು ಆಗಲೇ ಅಲ್ಲಿದ್ದ. ನೊಗದ ಎಡಕ್ಕೆ ಎಡದ ಎತ್ತು. ನೊಗದ ಬಲಕ್ಕೆ ಅವನು. ಹೆಗಲ ಮೇಲೆ ಮಡಿಸಿದ ಕಂಬಳಿ ಇಟ್ಟು ಅದರ ಮೇಲೆ ನೊಗ ಹೊತ್ತಿದ್ದ. ಎತ್ತು ಒಂದು ಹೆಜ್ಜೆ ಇಟ್ಟಿತು. ನೊಗ ಓರೆಯಾಯಿತು, ಅವನು ಮೊಣಕಾಲೂರಿದ. ಎತ್ತು ನಿಂತು ಅವನ ಕಡೆ ತಿರುಗಿ ನೋಡಿತು. ಎದ್ದ. ಮತ್ತೆ ಒಂದು ಹೆಜ್ಜೆ. ಮತ್ತೆ ಮೊಣಕಾಲು.

ಸೊಸೆ ತಿರುಗಿ ಮನೆಗೆ ಬಂದಳು. ಕಳೆ ತೆಗೆಯುವ ಕುರ್ಪಿಯನ್ನು ಸೂರಿನಿಂದ ಎಳೆದುಕೊಂಡು ಬಾಗಿಲ ಮುಂದೆ ನಿಂತಳು.

"ಏನ ಮಾಡಾಕತ್ತೀ?" ಎಂದಳು ಅತ್ತೆ.

"ನನ್ನ ಪದರ ನಾ ತಗೀತೀನ್ರಿ ಅತ್ತಿ. ಉಳಿದವರ ತಂಟೆಗೆ ಹೋಗಂಗಿಲ್ಲ."

"ಒಣಗಿದ್ದು ಕೆರೀಬಾರದು."

"ಗೊತ್ತೈತ್ರಿ."

"ಇವತ್ತ ಹಗ್ಗದವ ಬರತಾನ."

"ಅದೂ ಗೊತ್ತೈತಿ. ನಿಮ್ಮ ಮಗ ಅಲ್ಲಿ ಎತ್ತಾಗಿ ನಿಂತಾನ. ಒಂದ ಸಲ ಹೋಗಿ ನೋಡಿ ಬರ್ರಿ, ಆಮ್ಯಾಲೆ ನನ್ನ ಬೈರಿ."

ಅತ್ತೆ ಹೋಗಲಿಲ್ಲ. ಅಂಗಳದ ಅಂಚಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಹೊಲದ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

ಸೊಸೆ ತನ್ನ ಅಂಗೈ ಗುರುತಿನ ಪಕ್ಕದಲ್ಲೇ ಕುರ್ಪಿಯ ಮೊನೆ ಇಟ್ಟಳು. ಆಕಾಶ ಬೀಳಲಿಲ್ಲ. ಕಟ್ಟಳೆ ಮುರಿದಾಗ ಆಗುವ ಸದ್ದು ಅಷ್ಟೇನೂ ದೊಡ್ಡದಲ್ಲ. ರೊಟ್ಟಿ ಮುರಿದ ಹಾಗಿತ್ತು. ಪದರಗಳು ಒಂದೊಂದು ವರ್ಷ ಬೇರೆ ಬೇರೆ ಒಣಗಿದ್ದರಿಂದ ಬೇರೆ ಬೇರೆಯಾಗಿಯೇ ಬಂದವು. ಹಲಗೆಯಷ್ಟಗಲದ ಹೆಪ್ಪೊಂದು, ಗಟ್ಟಿಯಾದ ಮಣ್ಣಿನ ಚಕ್ಕೆ, ಎದ್ದು ಅವಳ ಕೈಗೆ ಬಂತು. ತಿರುಗಿಸಿ ನೋಡಿದಳು. ಅದರ ಬೆನ್ನಿಗೆ ಒಂದು ಕೈ ಉಬ್ಬಿಕೊಂಡಿತ್ತು, ಹಿಂದಿನ ವರ್ಷ ಅವಳೇ ಒತ್ತಿದ್ದ ಅಂಗೈಯ ಅಚ್ಚು. ಗೋಡೆ ಅಷ್ಟು ದಿನ ಒಳಗಿನಿಂದ ಅವಳ ಕೈ ಹಿಡಿದುಕೊಂಡೇ ಇತ್ತು.

ಅವಳು ತನ್ನ ಪದರಗಳನ್ನೆಲ್ಲ ತೆಗೆದಳು. ಎತ್ತನ್ನು ತಂದು ನೋಡಿದಳು. ಒಳಗೆ ಕೂತು ಮೇದ ಎತ್ತು ಇನ್ನಷ್ಟು ತುಂಬಿಕೊಂಡಿತ್ತು. ಕುತ್ತಿಗೆ ಬಂತು, ಹೆಗಲು ಬಂತು, ಹೊಟ್ಟೆ ನಿಂತಿತು.

"ಇನ್ನ ಮುಂದಿಂದು ನಿಮ್ಮ ಪದರ," ಎಂದಳು ಸೊಸೆ. ಕುರ್ಪಿ ಕೆಳಗಿಟ್ಟಳು. "ಅದನ್ನ ನಾ ಮುಟ್ಟಂಗಿಲ್ಲ."

ಅತ್ತೆ ಬಂದಳು. ಬಾಗಿಲ ಬಲಮಗ್ಗುಲಲ್ಲಿ ಕಾಣುತ್ತಿದ್ದ ತನ್ನದೇ ಅಂಗೈ ಗುರುತಿಗೆ ಅಂಗೈ ಸೇರಿಸಿ ನೋಡಿದಳು. ಎತ್ತು ಆಕೆಯ ಮುಖದ ಹತ್ತಿರವೇ ಬಿಸಿ ಉಸಿರು ಬಿಟ್ಟಿತು.

"ಸರಿ ಆ ಕಡೆ," ಎಂದಳು. ಯಾರಿಗೆ ಅಂದಳೋ, ಎತ್ತೂ ಸರಿಯಿತು, ಸೊಸೆಯೂ ಸರಿದಳು. ಅತ್ತೆ ಸೆರಗು ಸಿಕ್ಕಿಸಿ ಕುರ್ಪಿ ಎತ್ತಿಕೊಂಡಳು.

ಸೊಸೆ ಇನ್ನೊಂದು ಕುರ್ಪಿ ತಂದಳು, ಆಮೇಲೆ ಇಬ್ಬರೂ ಕೆರೆದರು. ಬಾಗಿಲ ಈ ಮಗ್ಗುಲಿಗೆ ಅತ್ತೆ, ಆ ಮಗ್ಗುಲಿಗೆ ಸೊಸೆ. ಒಂದು ಪದರದಲ್ಲಿ ಜೋಳದ ಹೊಟ್ಟು, ಒಂದರಲ್ಲಿ ಗೋಧಿಯದು, ಒಂದರಲ್ಲಿ ಸಜ್ಜೆ, ಒಂದರಲ್ಲಿ ನವಣೆ. ಹೊಲ ಏನು ಬೆಳೆದಿತ್ತೋ ಗೋಡೆ ಅದನ್ನೇ ಉಟ್ಟಿತ್ತು. ಅತ್ತೆ ಒಂದೊಂದನ್ನೂ ಮೂಸಿ ನೋಡಿ ಹೇಳುತ್ತಿದ್ದಳು: ಇದು ಕುಸುಬಿ ಹುಲುಸಾಗಿ ಬಂದ ವರ್ಷ, ಇದು ಮಿಡತಿ ಬಂದ ವರ್ಷ, ಇದು ನಿನ್ನ ಗಂಡ ಹುಟ್ಟಿದ ವರ್ಷ. ಒಂದು ಹೆಪ್ಪಿನ ಬೆನ್ನಿಗೆ ಬಹಳ ಸಣ್ಣ ಕೈಯೊಂದು ಉಬ್ಬಿತ್ತು, ಮದುವೆಯಾಗಿ ಬಂದ ಹುಡುಗಿಯ ಕೈ, ಬೆರಳು ಬಿಡಿಸಲೂ ನಾಚಿದ ಕೈ.

"ಇದು ಯಾರದ್ರಿ?" ಎಂದಳು ಸೊಸೆ.

"ನಂದ," ಎಂದಳು ಅತ್ತೆ. "ಅವತ್ತ ನಮ್ಮತ್ತಿ ಅಂದಿದ್ಲು, ಗುಬ್ಬಿ ಕಾಲಿಟ್ಟಂಗ ಐತಿ ಅಂತ."

ಅದಕ್ಕೂ ಕೆಳಗೆ, ಅತ್ತೆ ಈ ಮನೆಗೆ ಬರುವ ಮೊದಲಿನ ಪದರಕ್ಕೆ ಕುರ್ಪಿ ಇಟ್ಟರೆ ಬಿಡಲೊಲ್ಲದು. ಎಳೆದರೆ ಹರಿಯಲೊಲ್ಲದು. ಅದರಲ್ಲಿ ಹೊಟ್ಟು ಇರಲಿಲ್ಲ. ಸೊಸೆ ಒಂದು ತುದಿಯನ್ನು ಬೆರಳಲ್ಲಿ ಉಜ್ಜಿ ಪುಡಿ ಮಾಡಿದಳು. ಕೈಯಲ್ಲಿ ಉಳಿದದ್ದು ಕೂದಲು. ಉದ್ದನೆಯ, ಕಪ್ಪು ಕೂದಲು.

ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಮ್ಮತ್ತಿ ತಲಿಮ್ಯಾಲೆ ಮುಡಿ ಇರಲಿಲ್ಲ," ಎಂದಳು. "ಕೇಳಿದ್ರ, ಮನಿಗೆ ಕೊಟ್ಟೀನಿ ಅಂತಿದ್ಲು. ನಾ ಯಾವ್ದೋ ಹರಕಿ ಅಂತ ತಿಳ್ಕೊಂಡಿದ್ದೆ. ಆ ವರ್ಷ ಹೊಲದಾಗ ಹೊಟ್ಟೂ ಬೆಳದಿದ್ದಿಲ್ಲ ಕಾಣ್ತೈತಿ."

ಇಬ್ಬರೂ ಆ ಕೂದಲನ್ನು ನೋಡಿದರು. ಮಣ್ಣೊಳಗೆ ಇಷ್ಟು ಕಾಲ ಇದ್ದೂ ಅದು ಹೊಳಪು ಬಿಟ್ಟಿರಲಿಲ್ಲ. ಸೊಸೆಗೆ ಆಗ ಅನ್ನಿಸಿದ್ದಿಷ್ಟು: ನಾವು ಈ ಮನೆಯ ಗೋಡೆ ದಪ್ಪವೆಂದು ಹೆಮ್ಮೆಪಟ್ಟೆವು. ಪಡಬೇಕಾದದ್ದು ಇದಕ್ಕೆ. ಇದು ಹಗ್ಗಕ್ಕೆ ಸಿಕ್ಕುವುದಿಲ್ಲ.

ಎತ್ತಿಗೆ ಎಷ್ಟು ಜಾಗ ಸಾಕೆಂದು ಇಬ್ಬರೂ ಮತ್ತೆ ನೋಡಲಿಲ್ಲ, ಏಕೆಂದರೆ ಮುಂದೆಯೂ ಕೈಗಳಿದ್ದವು. ಹೆಸರು ಗೊತ್ತಿಲ್ಲದ ಅಗಲ ಕೈ, ಆರು ಬೆರಳಿನ ಕೈ, ಬಳೆ ಸಮೇತ ಒತ್ತಿದ ಕೈ. ಅತ್ತೆಯ ಕಥೆಯಲ್ಲಿ 'ಅವತ್ತಿಂದ' ಎಂಬ ಒಂದೇ ಮಾತಿನೊಳಗೆ ಮುಗಿದುಹೋಗುತ್ತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹೊರಬಂದು ಅಂಗಳದಲ್ಲಿ ಒರಗಿ ನಿಂತರು. ಕೊನೆಗೆ ಕುರ್ಪಿ ಠಣ್ ಎಂದಿತು. ಕಲ್ಲು.

ಬಾಗಿಲ ಎರಡೂ ಕಡೆ ಕಲ್ಲಿನ ನಿಲುವುಗಂಬಗಳು. ಈಗ ಬದುಕಿರುವ ಯಾರೂ ಅವನ್ನು ನೋಡಿದ್ದಿಲ್ಲ. ಒರಟಾಗಿ ಕಡೆದ ಕಂಬಗಳು. ಆದರೆ ಒಂದೇ ಎತ್ತರದಲ್ಲಿ, ಎರಡರಲ್ಲೂ, ಅಂಗೈ ಅಗಲದ ಪಟ್ಟಿಯೊಂದು ಸವೆದು ಒಳಕ್ಕೆ ತಗ್ಗಿ, ಕನ್ನಡಿಯ ಹಾಗೆ ನುಣುಪಾಗಿತ್ತು. ಯಾವ ಶಿಲ್ಪಿಯೂ ಅಷ್ಟು ನುಣುಪು ಮಾಡಲಾರ. ಇದೇಕೆ ಹೀಗೆ ಎಂದು ಇಬ್ಬರೂ ನೋಡುತ್ತಿರುವಾಗಲೇ ಬಲದ ಎತ್ತು ತಾನಾಗಿ ಬಂದಿತು. ಯಾರೂ ಹಿಡಿಯಲಿಲ್ಲ, ಯಾರೂ ಕರೆಯಲಿಲ್ಲ. ಕಲ್ಲನ್ನು ಮೂಸಿತು. ಆಮೇಲೆ ಪಕ್ಕೆಯನ್ನು ಆ ತಗ್ಗಿಗೆ ಕೊಟ್ಟು, ಸರ್‍ರನೆ ಉಜ್ಜಿಕೊಳ್ಳುತ್ತಾ ಹೊರಗೆ ನಡೆಯಿತು. ಹೊಟ್ಟೆ ನಿಲ್ಲಲಿಲ್ಲ.

ಆ ಸದ್ದು ಕೇಳಿ ಅತ್ತೆ ಕೈ ಮುಗಿದಳು. ಎಷ್ಟು ಎತ್ತುಗಳು, ಎಷ್ಟು ಬೆಳಗುಗಳು, ಎಷ್ಟು ಸಂಜೆಗಳು ಹಾದು ಆ ಕಲ್ಲು ಕರಗಿತ್ತೋ.

ಉಳುವವನು ಎಡದ ಎತ್ತನ್ನು ಹಿಡಿದು, ಹೆಗಲಲ್ಲಿ ನೊಗದ ಗಾಯ ಹೊತ್ತು ಮನೆಗೆ ಬಂದ. ಬಾಗಿಲನ್ನು ನೋಡಿದ. ಏನೂ ಕೇಳದೆ ನೊಗವನ್ನು ಇಳಿಸಿ ಎರಡು ಕಂಬಗಳ ನಡುವೆ ಅಡ್ಡ ಹಿಡಿದ. ನೊಗದ ಎರಡು ತುದಿಗೂ ಕಲ್ಲಿಗೂ ನಡುವೆ ಬೆರಳು ತೂರುವಷ್ಟು ಜಾಗ. ಬಾಗಿಲನ್ನು ನೊಗದ ಅಳತೆಗೇ ಕಟ್ಟಿದ್ದರು. ಒಂದು ಎತ್ತಿಗಲ್ಲ, ಹೂಡಿದ ಜೋಡಿಗೆ.

ಅಷ್ಟರಲ್ಲಿ ಹಗ್ಗದವನು ಬಂದ. ಹಿಂದೆ ಮೊದಲ ಸಾಲಿನ ನಾಲ್ಕು ಜನ. ಅಂಗಳದ ತುಂಬ ಒರಗಿಸಿಟ್ಟ ಹೆಪ್ಪುಗಳು, ಹೆಪ್ಪುಗಳ ಬೆನ್ನಿಗೆ ಕೈಗಳು. ಅವನು ಹೊಸ ಹಗ್ಗದ ಸುರುಳಿ ಬಿಚ್ಚುವುದನ್ನೇ ಮರೆತ.

"ಏನ ಮಾಡೀರಿ ಇದು?"

"ಬಾಗಿಲಾ ಮಾಡೇವಿ," ಎಂದಳು ಸೊಸೆ. "ಅಳಿ ಅಣ್ಣಾ."

"ಏನ ಅಳೀಲಿ? ಗ್ವಾಡೀನ ಇಲ್ಲಲ್ಲ ಇಲ್ಲಿ. ಈ ಲೆಕ್ಕದಾಗ ನಿಮ್ಮ ಮನಿಗೆ ವಯಸ್ಸ ಇಲ್ಲದಂಗಾತು. ನಿನ್ನೆ ಕಟ್ಟಿದ ಮನಿ ಅನಬೇಕು."

"ಅನ್ನು. ನಿನ್ನೆ ಕಟ್ಟಿದಂಗ ಗಟ್ಟಿ ಐತಿ."

ಹಗ್ಗದವನು ಅತ್ತೆಯ ಕಡೆ ತಿರುಗಿದ. "ದೊಡ್ಡವ್ವಾ, ನಿನಗರ ತಿಳಿಬ್ಯಾಡೇನು? ಮುಂದಿನ ಜಾಗಾ ನಿಂದ ಇತ್ತು. ಈಗ ಕಡೀ ಸಾಲಿನಾಗ ಕುಂದರಬೇಕಾಕ್ಕೈತಿ."

ಬಿಸಿಲಿನಲ್ಲಿ ಪೆಟ್ಟಿಗೆಯ ಸೀರೆ ಇನ್ನೂ ಹರವಿಕೊಂಡೇ ಇತ್ತು. ಅತ್ತೆ ಅದರ ಕಡೆ ನೋಡಿದಳು. ಆಮೇಲೆ ತನ್ನ ಮಣ್ಣಾದ ಕೈಯನ್ನು ನೋಡಿದಳು.

"ಕುಂದರತೀನಿ ತಮ್ಮಾ," ಎಂದಳು. "ಕಡೀ ಸಾಲಿನಾಗ ಗಾಳಿ ಚಲೋ ಬರತೈತಿ. ಈಗ ಒಂದೀಟು ಸರಿ, ನನ್ನ ಜೋಡಿ ಹಾಯಬೇಕು."

ಉಳುವವನು ಎರಡೂ ಎತ್ತುಗಳನ್ನು ಒಳಗೆ ಕರೆದೊಯ್ದು ಅಲ್ಲೇ ಹೂಡಿ ತಂದ. ಜೋಡಿ ಬಾಗಿಲಿಗೆ ಬಂತು. ಎಡದ ಎತ್ತಿನ ಪಕ್ಕೆ ಎಡದ ಕಲ್ಲಿಗೆ, ಬಲದ ಎತ್ತಿನ ಪಕ್ಕೆ ಬಲದ ಕಲ್ಲಿಗೆ. ಎರಡು ಸರ್‍ರೆಂಬ ಸದ್ದು ಒಂದಾಗಿ ಎದ್ದಿತು. ಮನೆಯೇ ದೀರ್ಘವಾಗಿ ಉಸಿರು ಬಿಟ್ಟ ಹಾಗಿತ್ತು. ಮೊದಲ ಸಾಲಿನವರು ಗೋಡೆಗೆ ಅಂಟಿ ನಿಂತು ದಾರಿ ಬಿಟ್ಟರು. ಅವರಲ್ಲಿ ಒಬ್ಬನಿಗಂತೂ ಹೂಡಿದ ಜೋಡಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸೊಸೆ ಕೂರಿಗೆ ಹೊತ್ತು ಹಿಂದೆ ನಡೆದಳು. ಹೊಲದ ಬದುವಿನಲ್ಲಿ ಬಗ್ಗಿ ಮಣ್ಣಿನ ಉಂಡೆ ಕಟ್ಟಿದಳು. ಉಂಡೆ ನಿಂತಿತು.

ಬಿತ್ತನೆಯಾದ ಮೇಲೆ ಆ ಹೆಪ್ಪುಗಳನ್ನೇನು ಮಾಡುವುದೆಂಬ ಪ್ರಶ್ನೆ ಬಂತು. ಹಾಗೇ ಇಟ್ಟು ಪೂಜೆ ಮಾಡಿ ಎಂದು ಕೆಲವರು ಹೇಳಿಕಳಿಸಿದರು. ಅತ್ತೆ ಮಾಳಿಗೆ, ಅಂದರೆ ಮನೆಯ ಚಪ್ಪಟೆ ಛಾವಣಿ, ಹತ್ತಿ ನೋಡಿ ಬಂದಳು. ಹಗ್ಗದವನು ಎಂದೂ ಮಾಳಿಗೆ ಅಳೆದವನಲ್ಲ; ಹಾಗಾಗಿ ಯಾರೂ ಎಂದೂ ಮಾಳಿಗೆಗೆ ಮಣ್ಣು ಹಾಕಿರಲಿಲ್ಲ. ಗೋಡೆ ಆನೆಯಂತಿದ್ದ ಮನೆ ಮಳೆ ಬಂದರೆ ಪಾತ್ರೆ ಹುಡುಕುತ್ತಿತ್ತು. ಆಕೆ ಹೆಪ್ಪುಗಳನ್ನು ಮಣ್ಣು ಕಲಸುವ ಹೊಂಡಕ್ಕೆ ಹಾಕಿಸಿದಳು. ಮೊದಲು ಹಾಕಿದ್ದು ಗುಬ್ಬಿ ಕಾಲಿನಂಥ ಕೈ. ಅದರ ಮೇಲೆ ಕೂದಲಿನ ಪದರ, ಅದರ ಮೇಲೆ ಆರು ಬೆರಳು, ಅದರ ಮೇಲೆ ಸೊಸೆಯದು. ಇಬ್ಬರೂ ಸೀರೆ ಎತ್ತಿ ಕಟ್ಟಿ ತುಳಿದರು. ಎಲ್ಲ ವರ್ಷಗಳೂ ಕಾಲ ಕೆಳಗೆ ಒಂದೇ ಮುದ್ದೆಯಾದವು. ಆ ಮಣ್ಣು ಮಾಳಿಗೆ ಏರಿತು. ಆ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬೀಳಲಿಲ್ಲ.

ಕಟ್ಟಳೆಯೇನೂ ಬಿಡಲಿಲ್ಲ. ವರ್ಷಕ್ಕೊಂದು ಪದರ, ಪದರಕ್ಕೊಂದು ಕೈ. ಆದರೆ ಹಳೆಯದನ್ನು ಕೆರೆದು, ಅದನ್ನೇ ಹೊಸ ಹೊಟ್ಟಿನ ಜೊತೆ ಕಲಸಿ, ಮತ್ತೆ ಮೆತ್ತಿದರು. ಗೋಡೆ ದಪ್ಪಗಾಗಲಿಲ್ಲ, ತೆಳ್ಳಗಾಗಲಿಲ್ಲ. ಕಂಬಗಳ ಮೇಲಿನ ಆ ತಗ್ಗನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಅತ್ತೆಯ ಚರಿತ್ರೆ ಉದ್ದವಾಯಿತು. ಹೆಸರು ಗೊತ್ತಿಲ್ಲದ ಕೈಗಳಿಗೆಲ್ಲ ಆಕೆ ಅದರಲ್ಲಿ ಒಂದೊಂದು ಜಾಗ ಕೊಟ್ಟಳು. ಕಟ್ಟೆಯ ಮೇಲೆ ಕಡೆಯ ಸಾಲಿನಲ್ಲಿ ಪೆಟ್ಟಿಗೆಯ ಸೀರೆ ಉಟ್ಟು ಕೂತಳು. ಸುಗ್ಗಿಯಾದ ಮೇಲೆ, ಕಾಳು ಎಲ್ಲಿ ಸಿಗುತ್ತದೆಂದು ಕೇಳಲು ಮುಂದಿನವರೆಲ್ಲ ಕುತ್ತಿಗೆ ತಿರುಗಿಸಿ ಕೂರಬೇಕಾಯಿತು.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಹಗ್ಗದವನು ಬಂದ. ಕೈಯಲ್ಲಿ ಹಗ್ಗ ಇರಲಿಲ್ಲ. ಭುಜದ ಎರಡೂ ಕಡೆ ಮಣ್ಣು ಬಳಿದಿತ್ತು. ಅವನ ಮನೆಯ ಬಾಗಿಲಿಂದ ಅವನು ಈಗ ಓರೆಯಾಗಿ ಹೊರಬರುತ್ತಾನೆಂದು ಊರಿಗೆಲ್ಲ ಗೊತ್ತಿತ್ತು.

"ತಂಗೀ," ಎಂದ ಸೊಸೆಗೆ, ನೆಲ ನೋಡುತ್ತಾ. "ನಿಮ್ಮ ಕುರ್ಪಿ ಒಂದ ದಿನದ ಮಟ್ಟಿಗೆ ಸಿಗತೈತೇನು? ನನ್ನ ಹೇಣ್ತಿ ಕೇಳಿ ತಗೊಂಬಾ ಅಂದ್ಲು."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಒಳಗಿನ ಕತ್ತಲೆಯ ಕಡೆ ಕಿವಿಯಿಟ್ಟಿದ್ದಳು. ಅಲ್ಲಿ ನೊಗದ ಗೆಜ್ಜೆ ಅಲುಗಿತು.

"ಕೊಡೂಣಂತ," ಎಂದಳು ಅತ್ತೆ. "ಮೊದಲ ಎತ್ತು ಹಾಯಲಿ, ನಿಂದ್ರು."

ಹಗ್ಗದವನು ಬಾಗಿಲ ಮಗ್ಗುಲಿಗೆ ಸರಿದು ನಿಂತ. ಸರ್‍ರೆಂದು ಸದ್ದಾಯಿತು.